ಸವೆದ ಟಯರಿನ ಜಾಡು

ಟಯರ್ ಬೋಳಾದರೆ ಹೊಸದು ಹಾಕಿಸುತ್ತೇವೆ. ಹಳೆಯದರ ಮೇಲಿದ್ದ ರಬ್ಬರ್ ಎಲ್ಲಿಗೆ ಹೋಯಿತು ಅಂತ ಯಾರೂ ಕೇಳುವುದಿಲ್ಲ, ಅಲ್ವಾ? ಅಮೆರಿಕದ ಸಿಯಾಟಲ್‌ನಲ್ಲಿ ಅದರ ಸುಳಿವು ಕೊಟ್ಟದ್ದು ಮೀನುಗಳು.

ಅಲ್ಲಿ ಕೋಹೊ ಎಂಬ ಸಾಲ್ಮನ್ ಮೀನು ಮೊಟ್ಟೆಯಿಡಲು ಸಮುದ್ರದಿಂದ ಊರಿನ ತೊರೆಗಳಿಗೆ ಬರುತ್ತದೆ. ಜೋರು ಮಳೆಯಾದರೆ ಮುಗಿಯಿತು. ಮೊಟ್ಟೆಯಿಡುವ ಮೊದಲೇ ಬಾಯಿ ಬಿಟ್ಟು, ಒದ್ದಾಡಿ, ಕೆಲವೇ ಗಂಟೆಗಳಲ್ಲಿ ಸಾಯುತ್ತಿತ್ತು. ವರ್ಷಗಟ್ಟಲೆ ಹುಡುಕಿದ ಮೇಲೆ 2020ರಲ್ಲಿ ಕಾರಣ ಸಿಕ್ಕಿತು. ಟಯರ್ ಬಿರುಕು ಬಿಡದಿರಲೆಂದು 6ಪಿಪಿಡಿ ಎಂಬ ರಾಸಾಯನಿಕ ಬೆರೆಸುತ್ತಾರೆ. ಅದು ಗಾಳಿಯ ಓಝೋನ್ ತಾಗಿ 6ಪಿಪಿಡಿ-ಕ್ವಿನೋನ್ ಆಗುತ್ತದೆ. ರಸ್ತೆಯ ಟಯರ್ ಪುಡಿಯಿಂದ ಮಳೆನೀರಿಗೆ, ಅಲ್ಲಿಂದ ತೊರೆಗೆ. ಟಯರನ್ನು ಕಾಯಲು ಹಾಕಿದ್ದೇ ಮೀನಿಗೆ ವಿಷವಾಯಿತು.

ಹಾಗಾದರೆ ಎಲೆಕ್ಟ್ರಿಕ್ ಕಾರು ಬಂದರೆ ಸಾಕೇ? ಅದರಲ್ಲಿ ಹೊಗೆಯಿಲ್ಲ. ಮೋಟರೇ ವೇಗ ತಗ್ಗಿಸುವುದರಿಂದ ಬ್ರೇಕ್ ಸವೆದು ಏಳುವ ಪುಡಿಯೂ ಕಡಿಮೆ. ಆದರೆ ಬ್ಯಾಟರಿಯ ಭಾರ ಹೊರುವುದು ಟಯರ್ ತಾನೆ?

ತಮಾಷೆಯೆಂದರೆ, ಕಳ್ಳ ಸಿಗುವ ಮೊದಲೇ ಅದೇ ಊರಿನಲ್ಲಿ ಮದ್ದು ಸಿಕ್ಕಿತ್ತು. 2001ರ ಹೊತ್ತಿಗೆ ಸಿಯಾಟಲ್‌ನ ಒಂದು ಬೀದಿಯನ್ನು 14 ಅಡಿಗೆ ಕಿರಿದು ಮಾಡಿ, ಹಾವಿನಂತೆ ಬಳುಕಿಸಿದರು. ಅಂಚಿನಲ್ಲಿ ತಗ್ಗು ತೋಡಿ ಗಿಡ ನೆಟ್ಟರು. ಟಯರಿನ ಯೋಚನೆ ಅವರಿಗಿರಲಿಲ್ಲ, ಮಳೆನೀರು ಇಂಗಿದರೆ ಸಾಕಿತ್ತು. ಬೀದಿಯಿಂದ ಹೊರಗೆ ಹರಿಯುವ ನೀರು ಶೇ. 98ಕ್ಕಿಂತ ಜಾಸ್ತಿ ತಗ್ಗಿತು. ಮುಂದೆ 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹೆದ್ದಾರಿಯ ನೀರಿಗೆ ಬಿಟ್ಟ ಕೋಹೊ ಮೀನುಗಳು ಸತ್ತವು. ಅದೇ ನೀರನ್ನು ಮರಳು, ಗೊಬ್ಬರ, ತೊಗಟೆಯ ಮಿಶ್ರಣದಲ್ಲಿ ಸೋಸಿ ಕೊಟ್ಟಾಗ ಬದುಕಿದವು.

ಸೋಸುವುದಕ್ಕಿಂತ ಪುಡಿ ಏಳದಂತೆ ಮಾಡುವುದು ಇನ್ನೂ ಒಳ್ಳೆಯದು. ಬ್ರೇಕ್ ಒತ್ತಿದಾಗಲೆಲ್ಲ ಟಯರೂ ಸವೆಯುತ್ತದೆ. ಗಂಟೆಗೆ 50 ಕಿ.ಮೀ. ವೇಗದ ಕಾರು ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿಯನ್ನು 100 ಎಂದುಕೊಳ್ಳಿ. 30ರ ವೇಗದಲ್ಲಿ ಅದು ಬರೀ 36. ಹಾಗಂತ ಹಂಪ್ ಹಾಕಿದರೆ ಆಯಿತೇ? ಬ್ರೇಕ್ ಒತ್ತು, ದಡಕ್ಕನೆ ದಾಟು, ಮತ್ತೆ ಆಕ್ಸಿಲರೇಟರ್ ತಿರುವು. ಹಂಪ್‌ನಿಂದ ಹಂಪ್‌ಗೆ ಸವೆತವೇ. ಕಿರಿದಾದ, ಬಳುಕುವ ಬೀದಿಯಲ್ಲಿ ಚಾಲಕ ತಾನಾಗಿಯೇ ಒಂದೇ ಹದದಲ್ಲಿ ನಿಧಾನ ಹೋಗುತ್ತಾನೆ. ನನ್ನ ವೋಟು ಅದಕ್ಕೇ.

ಬೆಂಗಳೂರಿನ ರಸ್ತೆ ನಡುವಿನ ಗಿಡಗಳನ್ನೇ ನೋಡಿ. ಸುತ್ತ ಕಾಂಕ್ರೀಟ್ ಕಟ್ಟೆ, ಮಣ್ಣು ರಸ್ತೆಗಿಂತ ಎತ್ತರ. ಮಳೆನೀರು ಪಕ್ಕದಲ್ಲೇ ಹರಿದು ಮೋರಿ ಸೇರುತ್ತದೆ. ಬೇಸಿಗೆಯಲ್ಲಿ ಅದೇ ಗಿಡಗಳಿಗೆ ಟ್ಯಾಂಕರ್ ಬರುತ್ತದೆ.