ನಾಲ್ಕು ಬೆರಳಲ್ಲೇ ಬೇಗ ಟೈಪ್ ಮಾಡುವವರು ಹತ್ತು ಬೆರಳು ಕಲಿಯಬೇಕಾ?

ಪ್ರಶ್ನೆ: ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ ನನ್ನದು. ಕೀಬೋರ್ಡ್ ನೋಡಿಕೊಂಡು ಮೂರ್ನಾಲ್ಕು ಬೆರಳಲ್ಲಿ ಟೈಪ್ ಮಾಡುತ್ತೇನೆ, ಸ್ಪೀಡ್ ಪರವಾಗಿಲ್ಲ. ಈಗ ಹತ್ತು ಬೆರಳಲ್ಲಿ ಶುರು ಮಾಡಿದ್ದೇನೆ, ಒಂದು ಮೇಲ್ ಬರೆಯುವಷ್ಟರಲ್ಲಿ ಸಾಕಾಗಿ ಹೋಗುತ್ತೆ. ಕನ್ನಡ ಟೈಪಿಂಗೂ ಬೇಕು. ಮುಂದುವರಿಸಲಾ, ಬಿಟ್ಟುಬಿಡಲಾ?

ಬಿಡಬೇಡಿ. ಆಫೀಸ್ ಮೇಲ್‌ನಲ್ಲಿ ಕಲಿಯುವುದನ್ನು ಮಾತ್ರ ಇವತ್ತೇ ಬಿಟ್ಟುಬಿಡಿ.

ಅವಸರ ಬಂದ ತಕ್ಷಣ ಕೈ ಹಳೇ ದಾರಿಗೇ ಹೋಗುತ್ತದೆ. ಅರ್ಧ ಹೊಸದು, ಅರ್ಧ ಹಳೆಯದು, ಕೊನೆಗೆ ಎರಡೂ ಇಲ್ಲ. ಅದಕ್ಕೇ ಆಫೀಸಿನಲ್ಲಿ ಸದ್ಯಕ್ಕೆ ಹಳೇ ರೀತಿಯಲ್ಲೇ ಹೊಡೆಯಿರಿ, ಮನೆಯಲ್ಲಿ ದಿನಾ 15-20 ನಿಮಿಷ ಕೆಳಗೆ ನೋಡದೆ ಅಭ್ಯಾಸ ಮಾಡಿ. ಹಳೇ ಅಭ್ಯಾಸ ಪೂರ್ತಿ ನಿಲ್ಲಿಸಿ ಎನ್ನುವವರೂ ಇದ್ದಾರೆ, ಸಂಬಳ ಅವರು ಕೊಡುತ್ತಾರಾ? ಮನೆಯಲ್ಲಿ ನಿಮಿಷಕ್ಕೆ 25 ಪದ ತಪ್ಪಿಲ್ಲದೆ ಬಂದ ಮೇಲೆ ಆಫೀಸ್ ಚಾಟ್‌ಗೆ ತನ್ನಿ, ಆಮೇಲೆ ಮೇಲ್‌ಗೆ. (5 ಹೊಡೆತಕ್ಕೆ ಒಂದು ಪದ ಎಂದು ಲೆಕ್ಕ, ಸ್ಪೇಸ್ ಕೂಡ ಅದರಲ್ಲೇ ಬರುತ್ತದೆ.)

ಅಂದಹಾಗೆ, ಬಿಲ್ ಎಂಟ್ರಿ ಮಾಡುವಾಗ ಬಲಗಡೆ ನಂಬರ್ ಕೀಗಳನ್ನು ನೀವು ನೋಡುತ್ತೀರಾ? ಬಹುಶಃ ಇಲ್ಲ. ಅಲ್ಲಿ 5ರ ಮೇಲೆ ಒಂದು ಚಿಕ್ಕ ಉಬ್ಬು ಇದೆ, ಮಧ್ಯದ ಬೆರಳು ಅದನ್ನು ಮುಟ್ಟಿದರೆ ಸಾಕು, ಉಳಿದವೆಲ್ಲ ಎಲ್ಲಿವೆ ಎಂದು ಕೈಗೆ ಗೊತ್ತು, ಕಣ್ಣು ಬಿಲ್ ಮೇಲೇ ಇರುತ್ತದೆ. ಟಚ್ ಟೈಪಿಂಗ್ ಅಂದರೆ ಇದೇ. ಅಕ್ಷರಗಳ ಕಡೆ ಆ ಉಬ್ಬು ಎಫ್ ಮತ್ತು ಜೆ ಮೇಲಿದೆ. ತೋರುಬೆರಳು ಅಲ್ಲಿಡಿ, ಉಳಿದ ಬೆರಳು ತಾವೇ ಎ ಎಸ್ ಡಿ ಮತ್ತು ಕೆ ಎಲ್ ಸೆಮಿಕೋಲನ್ ಮೇಲೆ ಕೂರುತ್ತವೆ. ತೋರುಬೆರಳಿಗೆ ಮೇಲಿಂದ ಕೆಳಕ್ಕೆ ಎರಡೆರಡು ಸಾಲು ಕೆಲಸ, ಸ್ಪೇಸ್ ಹೆಬ್ಬೆರಳಿಗೆ. ಎಲ್ಲಿಗೆ ಹೋದರೂ ಬೆರಳು ವಾಪಸ್ ತನ್ನ ಮನೆಗೆ, ಅಂದರೆ ಈ ಕೀಗಳ ಮೇಲೇ, ಬರಬೇಕು.

ನೋಡದೆ ಟೈಪ್ ಮಾಡುವುದರ ಲಾಭ ಜನಕ್ಕೆ ಗೊತ್ತಾದದ್ದು 1888ರಲ್ಲಿ. ಅಮೆರಿಕದ ಸಿನ್ಸಿನಾಟಿಯ ಒಂದು ಸ್ಪರ್ಧೆಯಲ್ಲಿ ಫ್ರಾಂಕ್ ಮೆಕ್‌ಗರಿನ್ ಎಂಬ ಕೋರ್ಟ್ ಸ್ಟೆನೋಗ್ರಾಫರ್ ಕೀ ಕಡೆ ತಿರುಗಿಯೂ ನೋಡದೆ ಟೈಪ್ ಮಾಡಿ ಗೆದ್ದುಬಿಟ್ಟ. ನಕಲು ಮಾಡಬೇಕಾದ ಹಾಳೆಯಿಂದ ಅವನು ಕಣ್ಣು ಕೀಳಬೇಕಾಗಿರಲಿಲ್ಲ. ದಿನವೆಲ್ಲ ವೋಚರ್ ನೋಡಿ ಟೈಪ್ ಮಾಡುವ ನಿಮಗೆ ಲಾಭ ಇರುವುದೂ ಅಲ್ಲೇ, ವೇಗ ನಿಧಾನವಾಗಿ ಅದರ ಹಿಂದೆಯೇ ಬರುತ್ತದೆ.

ಅಭ್ಯಾಸಕ್ಕೆ ಕೀಬಿಆರ್ ಎಂಬ ವೆಬ್‌ಸೈಟ್ ಚೆನ್ನಾಗಿದೆ, ಕೆಲವೇ ಅಕ್ಷರದಿಂದ ಶುರು ಮಾಡಿ, ಅವು ಕೈಗೆ ಬಂದ ಮೇಲೆ ಹೊಸ ಅಕ್ಷರ ಸೇರಿಸುತ್ತದೆ. ಹಳೇ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳ 'ಎ ಎಸ್ ಡಿ ಎಫ್ ಜಿ ಎಫ್' ಪಾಠ ಬೋರು ಹೊಡೆಸುತ್ತದೆ ನಿಜ, ಆದರೆ ಕೆಲಸ ಮಾಡುತ್ತದೆ. ಸ್ಪೀಡ್ ನೋಡಬೇಡಿ. ಬ್ಯಾಕ್‌ಸ್ಪೇಸ್ ಜಾಸ್ತಿ ಒತ್ತುತ್ತಿದ್ದೀರಿ ಅಂದರೆ ಇನ್ನೂ ನಿಧಾನ ಮಾಡಿ, ಅಷ್ಟೇ.

ಇನ್ನು ಕನ್ನಡ. ಇಂಗ್ಲಿಷ್ ಕೀಗಳು ಕೈಗೆ ಕೂತ ಮೇಲೆ ಶುರು ಮಾಡಿ, ಎರಡನ್ನೂ ಒಟ್ಟಿಗೆ ಬೇಡ. ಇಂಗ್ಲಿಷಿನಲ್ಲಿ ಪದ ಹೊಡೆದು ಕೆಳಗೆ ಬರುವ ಪಟ್ಟಿಯಿಂದ ಕನ್ನಡ ಪದ ಆರಿಸುವ ವಿಧಾನ ಇದಕ್ಕೆ ಆಗುವುದಿಲ್ಲ, ಪ್ರತಿ ಪದಕ್ಕೂ ಕಣ್ಣು ಪಟ್ಟಿಗೆ ಹೋಗುತ್ತದಲ್ಲ. ಕೆ.ಪಿ. ರಾವ್ ರೂಪಿಸಿದ, 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿರುವ ಲೇಔಟ್ (ಕೀಗಳ ಜೋಡಣೆ) ತೆಗೆದುಕೊಳ್ಳಿ. ಅದರಲ್ಲಿ ಯಾವ ಕೀಗೆ ಏನು ಬರುತ್ತದೆ ಅನ್ನುವುದು ಖಾಯಂ. ಕೆ ಒತ್ತಿದರೆ ಕ, ಎನ್ ಒತ್ತಿದರೆ ನ, ಡಬ್ಲ್ಯೂ ಒತ್ತಿದರೆ ಡ, ಒತ್ತಕ್ಷರ ಬೇಕಾದಾಗ ಮಧ್ಯೆ ಎಫ್. ಹಾಗಾಗಿ 'ಕನ್ನಡ' ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ, ಐದೇ ಹೊಡೆತ. ಒತ್ತಕ್ಷರವಿಲ್ಲದೆ ನಮಗೆ ಒಂದು ಸಾಲು ಸಾಗುವುದು ಕಷ್ಟ, ಆ ಕೀ ಎಡ ತೋರುಬೆರಳ ಕೆಳಗೇ, ಉಬ್ಬಿನ ಮೇಲೇ ಸಿಕ್ಕಿರುವುದು ನನಗಂತೂ ಈ ಲೇಔಟ್‌ನಲ್ಲಿ ತುಂಬಾ ಇಷ್ಟ.

ತೊಂದರೆ ಕೊಡುವುದು ಶಿಫ್ಟ್. ಇಂಗ್ಲಿಷಿನಲ್ಲಿ ವಾಕ್ಯಕ್ಕೊಂದು ಸಲ ಒತ್ತಿದರೆ ಸಾಕಾಗಬಹುದು, ಇಲ್ಲಿ ಹೆಚ್ಚಿನ ದೀರ್ಘ, ಮಹಾಪ್ರಾಣ, ಸೊನ್ನೆ, ಳ, ಣ ಎಲ್ಲದಕ್ಕೂ ಅದೇ ಬೇಕು. 'ಬೆಂಗಳೂರು' ಹೊಡೆದು ನೋಡಿ, ಸೊನ್ನೆಗೆ, ಳಕ್ಕೆ, ಊಕಾರಕ್ಕೆ ಅಂತ ಮೂರು ಸಲ. ಆ ಮೂರೂ ಬಲಗೈ ಅಕ್ಷರ, ಆದ್ದರಿಂದ ಶಿಫ್ಟ್ ಎಡ ಕಿರುಬೆರಳಿಗೆ. ಆದರೆ 'ಮಾತು' ಬರೆಯುವಾಗ ದೀರ್ಘ ಇರುವುದು ಎ ಮೇಲೆ, ಎಡ ಕಿರುಬೆರಳಿನ ಜಾಗದಲ್ಲಿ, ಅದಕ್ಕೆ ಬಲಗಡೆ ಶಿಫ್ಟ್. ಇದನ್ನು ಇಂಗ್ಲಿಷ್ ಕಲಿಯುವಾಗಲೇ ರೂಢಿ ಮಾಡಿಕೊಳ್ಳದೆ ಒಂದೇ ಶಿಫ್ಟ್‌ನಲ್ಲಿ ಕಾಲ ತಳ್ಳಿದವರು ಕನ್ನಡಕ್ಕೆ ಬಂದಾಗ ಒದ್ದಾಡುತ್ತಾರೆ.

ಕೀಗೆ ಅಂಟಿಸಲು ಕನ್ನಡ ಸ್ಟಿಕ್ಕರ್ ಹುಡುಕಿಕೊಂಡು ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗಬೇಡಿ, ಅಂಟಿಸಿದ ಮೇಲೆ ಕೆಳಗೆ ನೋಡದೆ ಇರುತ್ತೀರಾ? ಲೇಔಟ್ ಚಿತ್ರವನ್ನು ಪ್ರಿಂಟ್ ಹಾಕಿಸಿ ಸ್ಕ್ರೀನ್ ಪಕ್ಕ ಅಂಟಿಸಿ. ಲ್ಯಾಪ್‌ಟಾಪ್ ಕೀಬೋರ್ಡ್ ಇಕ್ಕಟ್ಟು ಅನಿಸಿದರೆ ಅದೇ ರೋಡಿನಲ್ಲಿ ಒಂದು ಸಾದಾ ಕೀಬೋರ್ಡ್ ತೆಗೆದುಕೊಳ್ಳಿ, ದುಬಾರಿಯದು ಏನೂ ಬೇಡ.

ಮನಸ್ಸಿನಲ್ಲಿ ಸರ್ಕಾರಿ ಬೆರಳಚ್ಚುಗಾರ ಹುದ್ದೆಯೂ ಇದ್ದರೆ, ಪರೀಕ್ಷೆಗೆ ಯಾವ ಲೇಔಟ್, ಯಾವ ತಂತ್ರಾಂಶ ಎಂದು ಅಧಿಸೂಚನೆಯಲ್ಲಿ ಮೊದಲು ಓದಿಕೊಳ್ಳಿ. ಟೈಪ್‌ರೈಟರ್ ಲೇಔಟ್ ಬೇರೆ, ಭಾರತೀಯ ಭಾಷೆಗಳಿಗೆಂದು ಮಾಡಿದ ಇನ್‌ಸ್ಕ್ರಿಪ್ಟ್ ಲೇಔಟ್ ಬೇರೆ, ನುಡಿಯದು ಬೇರೆ. ಇನ್‌ಸ್ಟಿಟ್ಯೂಟ್‌ಗೆ ದುಡ್ಡು ಕಟ್ಟುವ ಮೊದಲು ಅವರು ಹೇಳಿಕೊಡುವುದು ಯಾವುದು ಅಂತಲೂ ಕೇಳಿ.