ಶರಾವತಿಯ ನೀರನ್ನು ಕಾಯುವ ರಾಯಚೂರಿನ ಕಲ್ಲಿದ್ದಲು

ಜುಲೈ ಬಂತೆಂದರೆ ಸಾಗರ, ಹೊಸನಗರದ ಕಡೆ ಯಾರೇ ಸಿಕ್ಕರೂ ಕೇಳುವುದು ಒಂದೇ ಮಾತು: 'ಡ್ಯಾಂ ಎಷ್ಟಡಿ ಆಯ್ತು?' ಲಿಂಗನಮಕ್ಕಿ ತುಂಬುವುದು 1819 ಅಡಿಗೆ. ತುಂಬಿದರೆ ಆ ವರ್ಷ ಕರೆಂಟಿನ ಚಿಂತೆ ಇಲ್ಲ ಅಂತ ನಾವೆಲ್ಲ ನಂಬಿಕೊಂಡಿದ್ದೇವೆ. ಆದರೆ ಆ ನೀರು ಮುಂದಿನ ಮೇ ತನಕ ಬರುತ್ತದೋ ಇಲ್ಲವೋ ಅನ್ನುವುದು ಮಳೆಯೊಂದರ ಕೈಯಲ್ಲಿಲ್ಲ. ಮುನ್ನೂರು ಕಿಲೋಮೀಟರ್‌ಗೂ ದೂರದ ರಾಯಚೂರಿನಲ್ಲಿ ಎಷ್ಟು ಕಲ್ಲಿದ್ದಲು ಉರಿಯುತ್ತದೆ ಅನ್ನುವುದೂ ಅಷ್ಟೇ ಮುಖ್ಯ.

ನಮ್ಮ ರಾಜ್ಯ ನೀರಿನ ಕರೆಂಟಿನಲ್ಲೇ ಬೆಳೆದದ್ದು. 1902ರಲ್ಲಿ ಶಿವನಸಮುದ್ರ, 1948ರಲ್ಲಿ ಜೋಗ. ಆಮೇಲೆ ಲಿಂಗನಮಕ್ಕಿ ಕಟ್ಟಿ, 1964ರಿಂದ 1977ರ ಒಳಗೆ ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಯಂತ್ರ ಕೂರಿಸಿದರು. ಒಟ್ಟು 1035 ಮೆಗಾವಾಟ್. ಇಲ್ಲಿ ಕಲ್ಲಿದ್ದಲು ಗಣಿ ಇಲ್ಲ, ಘಟ್ಟದಲ್ಲಿ ಮಳೆ ಬೇಕಾದಷ್ಟಿದೆ. ಹಾಗಾಗಿ ಆ ದಾರಿ ಹಿಡಿದದ್ದು ಸಹಜವೇ. ಅದಕ್ಕಾಗಿ ಮುಳುಗಡೆಯಾದ ಊರುಗಳ ಜನ ಭೂಮಿಯ ಹಕ್ಕಿಗೆ ಇಂದಿಗೂ ಅಲೆಯುತ್ತಿದ್ದಾರೆ. ಇದನ್ನು ಬಿಟ್ಟು ಶರಾವತಿಯ ಲೆಕ್ಕ ಹೇಳಲು ನನಗೆ ಮನಸ್ಸಾಗುವುದಿಲ್ಲ.

ಈಗ ಲೆಕ್ಕ ನೋಡಿ. ಶರಾವತಿ ವಿದ್ಯುದಾಗಾರಕ್ಕೆ ನೀರು 400 ಮೀಟರ್‌ಗೂ ಜಾಸ್ತಿ ಎತ್ತರದಿಂದ ಪೈಪಿನಲ್ಲಿ ಇಳಿಯುತ್ತದೆ. ಅಷ್ಟು ಎತ್ತರದಿಂದ ಬಿದ್ದರೂ ಒಂದು ಯೂನಿಟ್ ಕರೆಂಟಿಗೆ ಸುಮಾರು ಸಾವಿರ ಲೀಟರ್ ನೀರು ಬೇಕು. ಮನೆ ತಾರಸಿ ಮೇಲಿನ ಒಂದು ಸಿಂಟೆಕ್ಸ್ ಟ್ಯಾಂಕ್ ಪೂರ್ತಿ! ಹತ್ತೂ ಯಂತ್ರಗಳನ್ನು ಹಗಲು ರಾತ್ರಿ ಓಡಿಸಿದರೆ ದಿನಕ್ಕೆ ಒಂದು ಟಿಎಂಸಿಗೆ, ಅಂದರೆ ನೂರು ಕೋಟಿ ಘನ ಅಡಿಗೆ, ಸ್ವಲ್ಪ ಕಡಿಮೆ ನೀರು ಖಾಲಿ. ಡ್ಯಾಂನಲ್ಲಿ ಹಿಡಿಯುವುದು ಸುಮಾರು 151 ಟಿಎಂಸಿ. ಅಂದರೆ ತುಂಬಿದ ಲಿಂಗನಮಕ್ಕಿಯೂ ಆರು ತಿಂಗಳು ಬಾಳುವುದಿಲ್ಲ. ಆದರೆ ಮಳೆ ನಿಂತ ಮೇಲೆ ಮುಂದಿನ ಜೂನ್‌ಗೆ ಇನ್ನೂ ಎಂಟು ತಿಂಗಳು ಇರುತ್ತದೆ, ಅಲ್ವಾ?

ಮಳೆ ಕೈಕೊಟ್ಟ ವರ್ಷ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ. ಡ್ಯಾಂನಲ್ಲಿ ನೀರಿಲ್ಲ, ಅದೇ ಹೊತ್ತಿಗೆ ಹೊಲ, ತೋಟದವರೆಲ್ಲ ಪಂಪ್‌ಸೆಟ್ ಹಾಕುತ್ತಾರೆ. ಕರೆಂಟ್ ಕಡಿಮೆಯಾದಾಗಲೇ ಬೇಡಿಕೆ ಏರುತ್ತದೆ. ಎಪ್ಪತ್ತು, ಎಂಬತ್ತರ ದಶಕದ ಪವರ್ ಕಟ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರೀ ನೀರನ್ನು ನಂಬಿದರೆ ಆಗುವುದಿಲ್ಲ ಅಂತ ಕೃಷ್ಣಾ ನದಿಯ ದಂಡೆಯಲ್ಲಿ, ಶಕ್ತಿನಗರದಲ್ಲಿ, ಶಾಖೋತ್ಪನ್ನ ಸ್ಥಾವರ ಕಟ್ಟಿದರು. 1985ರಲ್ಲಿ 210 ಮೆಗಾವಾಟ್‌ನ ಮೊದಲ ಘಟಕ ಶುರುವಾಯಿತು. ಆಮೇಲೆ ಎಂಟು ಘಟಕಗಳಾಗಿ 1720 ಮೆಗಾವಾಟ್‌ಗೆ ಬಂತು. ಮುಂದೆ ಬಳ್ಳಾರಿ, ಉಡುಪಿ, ಯರಮರಸ್ ಸೇರಿಕೊಂಡವು.

ಒಂದು ಯೂನಿಟ್‌ಗೆ ಅಲ್ಲಿ ಸುಮಾರು ಮುಕ್ಕಾಲು ಕೆಜಿ ಕಲ್ಲಿದ್ದಲು ಬೇಕು. ಅಲ್ಲಿ ಅಷ್ಟು ಉರಿದರೆ ಇಲ್ಲಿ ಒಂದು ಟ್ಯಾಂಕ್ ನೀರು ಉಳಿಯಿತು. ನೀರನ್ನು ನಂಬಿದ ರಾಜ್ಯದಲ್ಲಿ ಕಲ್ಲಿದ್ದಲು ಸ್ಥಾವರವನ್ನು ಅಳೆಯಬೇಕಾದ್ದು ಹೀಗೆ ಅಂತ ನನ್ನ ಅಭಿಪ್ರಾಯ. ಎಷ್ಟು ಯೂನಿಟ್ ಮಾಡಿತು ಅನ್ನುವುದಕ್ಕಿಂತ ಎಷ್ಟು ನೀರು ಉಳಿಸಿತು ಅನ್ನುವುದು ದೊಡ್ಡದು.

ಎರಡರ ಗುಣವೂ ಬೇರೆ. ನೀರಿನ ಯಂತ್ರ ಕೆಲವೇ ನಿಮಿಷದಲ್ಲಿ ಶುರುವಾಗುತ್ತದೆ. ಸಂಜೆ ಏಳಕ್ಕೆ ಊರೆಲ್ಲ ದೀಪ ಹಾಕಿದಾಗ ಬೇಕಾದ್ದು ಅದು. ಕಲ್ಲಿದ್ದಲಿನ ಬಾಯ್ಲರ್ ಒಮ್ಮೆ ತಣ್ಣಗಾದರೆ ಮತ್ತೆ ಬಿಸಿಯಾಗಲು ಗಂಟೆಗಟ್ಟಲೆ ಬೇಕು. ಶುರುವಾದ ಮೇಲೆ ತೀರಾ ಸಣ್ಣಗೂ ಉರಿಸುವಂತಿಲ್ಲ. ಹಾಗಾಗಿ ಇಡೀ ದಿನದ ಭಾರ ಕಲ್ಲಿದ್ದಲು ಹೊರಬೇಕು, ಸಂಜೆಯ ಏರಿಗೆ ಶರಾವತಿ, ವಾರಾಹಿ ಬರಬೇಕು. ಮಳೆಗಾಲದಲ್ಲಿ ನೀರೇ ದುಡಿಯುತ್ತದೆ, ಆಗ ಕಲ್ಲಿದ್ದಲು ಘಟಕಗಳ ವಾರ್ಷಿಕ ರಿಪೇರಿ ಮಾಡಿ ಮುಗಿಸಬಹುದು. ಕಲ್ಲಿದ್ದಲು ಕೂಡಿಟ್ಟುಕೊಳ್ಳಬಹುದು.

ಕಷ್ಟ ಇರುವುದು ಇಲ್ಲೇ. ಕಲ್ಲಿದ್ದಲು ಹೊರ ರಾಜ್ಯಗಳಿಂದ ರೈಲಿನಲ್ಲಿ ಬರಬೇಕು. ಮಳೆಗಾಲದಲ್ಲಿ ಗಣಿಗೆ ನೀರು ನುಗ್ಗುತ್ತದೆ, ಬಂದದ್ದೂ ಒದ್ದೆಯಾಗಿರುತ್ತದೆ. ಘಟಕ ಕೆಟ್ಟು ನಿಂತಾಗೆಲ್ಲ ಆ ಹೊರೆ ಶರಾವತಿಯ ಮೇಲೆ ಬೀಳುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ಲಿಂಗನಮಕ್ಕಿ ತುಂಬಲೇ ಇಲ್ಲ. ಅಕ್ಟೋಬರ್‌ನಲ್ಲಿ ಸರ್ಕಾರ ವಿಶೇಷ ಅಧಿಕಾರ ಬಳಸಿ, ಖಾಸಗಿ ಉತ್ಪಾದಕರೂ ಕರೆಂಟನ್ನು ರಾಜ್ಯಕ್ಕೇ ಕೊಡಬೇಕು ಅಂತ ಆದೇಶ ಹೊರಡಿಸಬೇಕಾಯಿತು.

ಈಚೆಗೆ ಪಾವಗಡದ ಸೋಲಾರ್ ಬಂದ ಮೇಲೆ ಹಗಲಿನ ಭಾರ ಇಳಿದಿದೆ. ಕಲ್ಲಿದ್ದಲು ಹಗಲು ತಗ್ಗಿ, ಸಂಜೆ ಏರಬೇಕಾಗಿದೆ. ಅದಕ್ಕೆಂದು ಮಾಡಿದ ಯಂತ್ರಗಳಲ್ಲ ಅವು. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ (ಕರೆಂಟ್ ಮಿಕ್ಕಾಗ ನೀರನ್ನು ಮೇಲೆತ್ತಿಟ್ಟು, ಬೇಕಾದಾಗ ಇಳಿಸಿ ಕರೆಂಟ್ ಮಾಡುವ ಏರ್ಪಾಡು) ಮಾಡುವ ಮಾತು ಹುಟ್ಟಿದ್ದೂ ಈ ಸಂಜೆಯ ಕೊರತೆಗಾಗಿಯೇ. ಅದು ಸಿಂಗಳೀಕಗಳ ಕಾಡು. ಒಮ್ಮೆ ಮುಳುಗಿದ ಕಣಿವೆಯನ್ನು ಮತ್ತೆ ಕೇಳುವ ಮೊದಲು ಇರುವ ಸ್ಥಾವರಗಳನ್ನು ಸರಿಯಾಗಿ ಓಡಿಸಿದ್ದೇವೆಯೇ ಅಂತ ನೋಡಬೇಕಲ್ಲ.

ನೀರು ತೀರಾ ಇಳಿದ ಬೇಸಿಗೆಯಲ್ಲಿ ಹಿನ್ನೀರಿನ ಕಡೆ ಹೋಗಿ. ಕೆಸರು ಬಿರುಕು ಬಿಟ್ಟಿರುತ್ತದೆ, ಅರವತ್ತು ವರ್ಷದ ಹಿಂದೆ ಮುಳುಗಿದ ಮರಗಳ ಬೊಡ್ಡೆಗಳು ಕಪ್ಪಗೆ ನಿಂತಿರುತ್ತವೆ. ಮಡೇನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟೂ ಮೇಲೆದ್ದು ಕಾಣುತ್ತದೆ. ಅತ್ತ ಶಕ್ತಿನಗರದ ಸುತ್ತಲಿನ ಊರಿನವರು ಹಾರುಬೂದಿಯ ನಡುವೆ ಬದುಕುತ್ತಾರೆ. ನಮ್ಮ ನೀರು ಉಳಿಯುವುದು ಅವರು ಉಸಿರಾಡುವ ಬೂದಿಯಿಂದ.

ಸೆಪ್ಟೆಂಬರ್ ಕೊನೆಗೆ ಡ್ಯಾಂ ಎಷ್ಟಡಿಗೆ ನಿಂತಿತು ಅಂತ ಪ್ರತಿ ವರ್ಷ ಸುದ್ದಿಯಾಗುತ್ತದೆ. ಅದರ ಜೊತೆಗೆ ಇನ್ನೆರಡು ಅಂಕಿಗಳನ್ನೂ ನಾವು ಕೇಳಬೇಕು: ರಾಯಚೂರು, ಬಳ್ಳಾರಿಯ ಅಂಗಳದಲ್ಲಿ ಎಷ್ಟು ದಿನದ ಕಲ್ಲಿದ್ದಲು ಇದೆ? ಎಷ್ಟು ಘಟಕಗಳ ರಿಪೇರಿ ಮುಗಿದಿದೆ?