‘ಫೇರ್ಲಿ’ಯನ್ನು ಎಲ್ಲಿ ಕೂರಿಸಬೇಕು

ಕೋಲಾರದ ಮಂಡಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸಿಗೆ ಆದ ರೇಟಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆಯಬೇಕು ಎಂದುಕೊಳ್ಳಿ. ‘ದಿ ಪ್ರೈಸ್ ವಾಸ್ ಫಿಕ್ಸ್ಡ್ ಫೇರ್ಲಿ’ ಎಂದರೆ ಬೆಲೆ ನ್ಯಾಯವಾಗಿ ನಿಗದಿಯಾಯಿತು. ಕೊನೆಗೆ ‘ಲೋ’ ಸೇರಿಸಿ ‘ಫಿಕ್ಸ್ಡ್ ಫೇರ್ಲಿ ಲೋ’ ಎಂದಿರೋ, ನ್ಯಾಯದ ಮಾತೇ ಹೋಯಿತು. ರೇಟು ಸುಮಾರಾಗಿ ಕಮ್ಮಿಯೇ ಇತ್ತು ಎಂದಷ್ಟೇ ಉಳಿಯುತ್ತದೆ.

ಈ ಪದಕ್ಕೆ ಎರಡು ಕೆಲಸ. ಕ್ರಿಯೆ ಹೇಗೆ ನಡೆಯಿತು ಎಂದು ಹೇಳುವಾಗ ‘ನ್ಯಾಯವಾಗಿ’. ಗುಣವಾಚಕದ ಮುಂದೆ ಕೂತಾಗ ‘ತಕ್ಕಮಟ್ಟಿಗೆ’. ನ್ಯಾಯಬೆಲೆ ಅಂಗಡಿಯಿಂದ ‘ಫೇರ್’ ಪರಿಚಯವಾದ ನಮ್ಮ ಮಕ್ಕಳು ಮೊದಲನೆಯ ಅರ್ಥವನ್ನೇ ಎಲ್ಲೆಡೆ ಹಚ್ಚುತ್ತಾರೆ. ಕ್ರಿಯಾಪದದಿಂದ ಬಂದ ‘ಟೈರ್ಡ್’, ‘ಟ್ರೀಟೆಡ್’ ಥರದ ರೂಪಗಳ ಮುಂದೆ ಬಂದಾಗ ಗೊಂದಲ ಹೆಚ್ಚು. ಅದಕ್ಕೊಂದು ಪರೀಕ್ಷೆ ಇದೆ: ‘ಫೇರ್ಲಿ’ ತೆಗೆದು ‘ವೆರಿ’ ಹಾಕಿ ನೋಡಿ. ‘ವೆರಿ ಟೈರ್ಡ್’ ಒಪ್ಪುತ್ತದೆ, ಹಾಗಾಗಿ ‘ಫೇರ್ಲಿ ಟೈರ್ಡ್’ ಅಂದರೆ ಸಾಕಷ್ಟು ದಣಿದ. ‘ವೆರಿ ಎಲೆಕ್ಟೆಡ್’ ಒಪ್ಪುವುದಿಲ್ಲ, ಹಾಗಾಗಿ ‘ಫೇರ್ಲಿ ಎಲೆಕ್ಟೆಡ್’ ಅಂದರೆ ನ್ಯಾಯವಾಗಿ ಚುನಾಯಿತ. ‘ಟ್ರೀಟೆಡ್’, ‘ಪೇಡ್’ ಕೂಡ ಈ ಎರಡನೆಯ ಗುಂಪಿನವು.

ಶಾಲೆಯ ಪ್ರಗತಿ ಪತ್ರದಲ್ಲಿ ‘ಫೇರ್ಲಿ ಗುಡ್’ ಎಂದಿದ್ದರೆ ಹೊಗಳಿಕೆ ಎಂದು ಹಿಗ್ಗಬೇಡಿ. ಅದು ‘ವೆರಿ ಗುಡ್’ಗಿಂತ ಎಷ್ಟೋ ಕೆಳಗೆ, ಕನ್ನಡದಲ್ಲಿ ‘ಪರವಾಗಿಲ್ಲ’ ಎನ್ನುತ್ತೇವಲ್ಲ, ಅದೇ. ಕೆಲಸಕ್ಕೆ ಶಿಫಾರಸು ಪತ್ರ ಬರೆಯುವವರು ಇದನ್ನು ದಯವಿಟ್ಟು ಗಮನಿಸಬೇಕು. ‘ಫೇರ್ಲಿ ಆನೆಸ್ಟ್’ ಎಂದು ಬರೆದರೆ ಆ ಹುಡುಗನ ಪ್ರಾಮಾಣಿಕತೆಯ ಮೇಲೆ ನೀವೇ ಅನುಮಾನ ತಂದಂತೆ.

ತಕ್ಕಮಟ್ಟಿಗೆ ಎಂಬ ಅರ್ಥದಲ್ಲಿ ಬಳಸುವಾಗ ಆಗುವ ತಪ್ಪುಗಳೂ ಕೆಲವಿವೆ. ‘ಫೇರ್ಲಿ ಬೆಟರ್’ ಆಗದು, ಏಕೆಂದರೆ ಹೋಲಿಕೆಯ ರೂಪದ ಜೊತೆ ಇದು ಸೇರುವುದಿಲ್ಲ. ‘ಎ ಲಿಟಲ್ ಬೆಟರ್’ ಅಥವಾ ‘ರಾದರ್ ಬೆಟರ್’ ಬರೆಯಿರಿ. ‘ಫೇರ್ಲಿ ಎಕ್ಸಲೆಂಟ್’ ಕೂಡ ಆಗದು. ತುತ್ತತುದಿಯ ಗುಣಕ್ಕೆ ತಕ್ಕಮಟ್ಟಿಗೆ ಎಂಬ ಅಳತೆ ಕೂರುವುದಿಲ್ಲ. ‘ಕ್ವೈಟ್ ಎ ಬಿಗ್ ಹೌಸ್’ ಸರಿ ಎಂದು ‘ಫೇರ್ಲಿ ಎ ಬಿಗ್ ಹೌಸ್’ ಬರೆಯುವವರಿದ್ದಾರೆ. ಇಲ್ಲಿ ‘ಎ’ ಮೊದಲು ಬರಬೇಕು: ‘ಎ ಫೇರ್ಲಿ ಬಿಗ್ ಹೌಸ್’. ಇನ್ನು ‘ಪ್ಲೇ ಫೇರ್’ ಎನ್ನುವುದು ರೂಢಿಯ ಮಾತು, ಅದಕ್ಕೆ ‘ಲಿ’ ಅಂಟಿಸಿ ತಿದ್ದುವ ಅಗತ್ಯವಿಲ್ಲ.

ಅರ್ಜಿ, ಒಪ್ಪಂದಗಳಲ್ಲಿ ಇನ್ನೊಂದು ತೊಡಕಿದೆ. ‘ಈಕ್ವಲಿ’, ‘ಈಕ್ವಿಟಬ್ಲಿ’, ‘ಫೇರ್ಲಿ’ ಮೂರನ್ನೂ ಒಂದೇ ಎಂದು ಬರೆಯುತ್ತಾರೆ. ಅಣ್ಣನಿಗೆ 3 ಎಕರೆ, ತಮ್ಮನಿಗೆ 1 ಎಕರೆ. ಇಬ್ಬರಿಗೂ ಸೇರಿ ಒಂದೇ ಬೋರ್‌ವೆಲ್, ದಿನಕ್ಕೆ 8 ಗಂಟೆ ನೀರು. ‘ಈಕ್ವಲಿ’ ಎಂದರೆ ತಲಾ 4 ಗಂಟೆ. ಅದರಲ್ಲಿ ವಾದಕ್ಕೆ ಜಾಗವಿಲ್ಲ. ‘ಈಕ್ವಿಟಬ್ಲಿ’ ಎಂದರೆ ಪರಿಸ್ಥಿತಿ ನೋಡಿ ಹಂಚುವುದು. ಜಮೀನಿನ ಲೆಕ್ಕ ಹಿಡಿದರೆ 6 ಮತ್ತು 2 ಗಂಟೆ. ಆದರೆ ತಮ್ಮನ ಹಿಪ್ಪುನೇರಳೆಗೆ ನೀರು ಜಾಸ್ತಿ ಬೇಕು ಎಂದು ಬೇರೆ ಲೆಕ್ಕ ಹಿಡಿಯುವುದಕ್ಕೂ ಅದೇ ಪದ ಅವಕಾಶ ಕೊಡುತ್ತದೆ. ‘ಫೇರ್ಲಿ’ಯೋ, ಪಕ್ಷಪಾತವಿಲ್ಲದೆ ಹಂಚಿ ಎನ್ನುತ್ತದೆಯೇ ಹೊರತು ಎಷ್ಟೆಷ್ಟು ಎಂದು ಹೇಳುವುದೇ ಇಲ್ಲ. ಅಂಥ ಕರಾರಿನಲ್ಲಿ ಇದೊಂದೇ ಪದವನ್ನು ನಂಬಿ ಬಿಡಬೇಡಿ. ಜಮೀನಿನ ಪ್ರಮಾಣಕ್ಕೆ ತಕ್ಕಂತೆ ಎಂಬುದು ನಿಮ್ಮ ಮನಸ್ಸಿನಲ್ಲಿದ್ದರೆ ‘ಇನ್ ಪ್ರಪೋರ್ಷನ್ ಟು ದಿ ಲ್ಯಾಂಡ್ ಹೆಲ್ಡ್’ ಎಂದು ಬರೆದು, ಪಕ್ಕದಲ್ಲೇ ಗಂಟೆಗಳನ್ನೂ ಅಂಕಿಯಲ್ಲಿ ನಮೂದಿಸಿ.